"ಇಷ್ಟು ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?" – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೆ ಒಂದಾದರೂ ಬರುತ್ತದೆ. ವಾಟ್ಸ್ಯಾಪಿನಲ್ಲಿ ಒಂದು ಜಾಹೀರಾತು, ಯಾವುದೋ ವಿಚಿತ್ರ ಹಾಯಿದೋಣಿಯ ಫೋಟೊ, ಕೆಳಗೆ ಒಂದೇ ಸಾಲು: "ಇಷ್ಟು ಅಗ್ಗಕ್ಕೆ ಸಿಗ್ತಿದೆ ಮಾರಾಯ, ತಗೊಳ್ಳಲಾ?" ಕಳಿಸುವವರು ಬೇರೆ ಬೇರೆ. ಲೆಸ್ಟರಿನ ಗೆಳೆಯ, ಮಿಲ್ಟನ್ ಕೀನ್ಸಿನ ಭಾವ, ಬೆಂಗಳೂರಿನ ಟ್ರಾಫಿಕ್ಕಲ್ಲಿ ಕೂತು ಇಂಗ್ಲೆಂಡಿನ ದೋಣಿಗಳನ್ನು ನೋಡುವ ಹಳೇ ಕಾಲೇಜು ದೋಸ್ತಿಗಳು. ನಾನು ಇರುವುದು ಸೌತಾಂಪ್ಟನ್ ಹತ್ತಿರ, ನನ್ನ ಹೆಸರಲ್ಲಿ ಒಂದು ಹಳೇ ಯಾಟ್ ಇದೆ, ಊರು ಗಂಗೊಳ್ಳಿ. ಅಷ್ಟು ಸಾಕು, ದೋಣಿ ವಿಷಯಕ್ಕೆ ನಾನೇ ಪಂಡಿತ ಅಂತ ಎಲ್ಲರೂ ತೀರ್ಮಾನ ಮಾಡಿದ್ದಾರೆ. (ಗಂಗೊಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಅಂದುಕೊಳ್ಳಬೇಡಿ. ನಾನು ಕಲಿತದ್ದು ಇಲ್ಲಿನ ಈಜುಕೊಳದಲ್ಲಿ, ಮೂವತ್ತು ದಾಟಿದ ಮೇಲೆ, ಆರು ವರ್ಷದ ಮಕ್ಕಳ ಜೊತೆ.)

ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಸಾಕಾಗಿದೆ. ಒಂದೇ ಸಲ ಬರೆದು ಹಾಕುತ್ತೇನೆ.

ಯಾಟ್ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ವಿಜಯ್ ಮಲ್ಯರ ಇಂಡಿಯನ್ ಎಂಪ್ರೆಸ್. 95 ಮೀಟರ್ ಉದ್ದದ ಅರಮನೆ ಅದು. ಸಿಬ್ಬಂದಿಯ ಸಂಬಳ ಬಾಕಿಯಾಗಿ 2018ರಲ್ಲಿ ಮಾಲ್ಟಾದಲ್ಲಿ ತಡೆದು ನಿಲ್ಲಿಸಿದರು, ಕೊನೆಗೆ 3.5 ಕೋಟಿ ಯೂರೊಗೆ ಮಾರಾಟವಾಯಿತು. ಅದಕ್ಕಿಂತ ಚೆಂದದ್ದು ಅವರ ಹತ್ತಿರವೇ ಒಂದು ಕಾಲಕ್ಕೆ ಇದ್ದ ಕಲಿಜ್ಮಾ. 1906ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿದ್ದು, ಮುಂದೆ ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ಅವರ ಮನೆಯಾಗಿದ್ದು. ಇರಲಿ, ಅವು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಾನು ಹೇಳುತ್ತಿರುವುದು 25-30 ಅಡಿಯ, ಹಳೇ ಕಾರಿನ ಬೆಲೆಗೆ ಸಿಗುವ ದೋಣಿಗಳ ವಿಷಯ.

ನನ್ನ ಉತ್ತರ ಇಷ್ಟು. ವಿಚಿತ್ರವಾಗಿ ಕಾಣುವ ಪ್ರತಿಯೊಂದು ದೋಣಿಯೂ ಯಾರೋ ಒಬ್ಬರು ತಮ್ಮ ತಾಪತ್ರಯಕ್ಕೆ ಹುಡುಕಿಕೊಂಡ ದಾರಿ. ಆ ತಾಪತ್ರಯ ನಿಮಗೂ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ (ತಪ್ಪು, ಕಣ್ಣು ತೆರೆದೇ ತಗೊಳ್ಳಿ). ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಅಗ್ಗ ಆಗಿರುವುದು ದೋಣಿ ಕೆಟ್ಟದ್ದು ಅಂತಲೇ ಇರಬೇಕಿಲ್ಲ, ಆ ತಾಪತ್ರಯ ಇರುವ ಜನ ಕಡಿಮೆ ಅಂತಲೂ ಇರಬಹುದು.

ನನ್ನದೇ ತಗೊಳ್ಳಿ. ನನ್ನದು ವೆಸ್ಟರ್ಲಿ ಸೆಂಟಾರ್, 26 ಅಡಿ. 1969ರಿಂದ ಶುರುವಾಗಿ 2 ಸಾವಿರಕ್ಕೂ ಹೆಚ್ಚು ಕಟ್ಟಿದ್ದಾರೆ, ಹಾಗಾಗಿ ಇಲ್ಲಿಯವರಿಗೆ ಇದು ವಿಚಿತ್ರವೇ ಅಲ್ಲ. ಆದರೆ ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಗಂಗೊಳ್ಳಿಯ ನಮ್ಮ ದೊಡ್ಡಪ್ಪ, ಆಯುಷ್ಯವೆಲ್ಲ ಮೀನುಗಾರಿಕೆ ಮಾಡಿದವರು, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದ್ದು: "ಎಂತದಾ ಇದ್? ದೋಣಿಗೂ ಕಾಲ್ ಬಂತಾ?" ನಿಜ, ಅದಕ್ಕೆ ಎರಡು ಕಾಲು. ಸಾಮಾನ್ಯ ಹಾಯಿದೋಣಿಗೆ ಹೊಟ್ಟೆಯ ಕೆಳಗೆ ನಟ್ಟನಡುವೆ ಒಂದೇ ಭಾರದ ರೆಕ್ಕೆ ಇರುತ್ತದೆ, ಕೀಲ್ ಅಂತಾರೆ. ಇದಕ್ಕೆ ಎಡಕ್ಕೊಂದು, ಬಲಕ್ಕೊಂದು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ನಡುವಿನ ಅಂತರ ಒಂದೂವರೆ, ಎರಡು ಮೀಟರ್. ಇಲ್ಲಿ ಬ್ರಿಸ್ಟಲ್ ಚಾನೆಲ್ ಕಡೆ ಅದು 12 ಮೀಟರ್ ದಾಟುತ್ತದೆ. ಬೆಳಿಗ್ಗೆ ನೀರಲ್ಲಿ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ಕೂತಿರುತ್ತದೆ. ಒಂದೇ ಕೀಲ್ ಇದ್ದರೆ ಎಮ್ಮೆ ಮಲಗಿದ ಹಾಗೆ ಪಕ್ಕಕ್ಕೆ ಒರಗುತ್ತದೆ, ಎರಡಿದ್ದರೆ ನೆಟ್ಟಗೆ ನಿಂತು ನೀರು ಬರುವ ತನಕ ಕಾಯುತ್ತದೆ. ನಾನು ದೋಣಿ ಕಟ್ಟುವ ಜಾಗವೂ ಅಂಥದ್ದೇ ಒಂದು ಕೆಸರಿನ ಕೊಲ್ಲಿ, ವರ್ಷಕ್ಕೆ ಮರೀನಾದವರು (ಬಾಡಿಗೆಗೆ ದೋಣಿ ನಿಲ್ಲಿಸಿಕೊಳ್ಳುವ ಬಂದರಿನವರು) ಕೇಳುವ ದುಡ್ಡಿನ ಸಣ್ಣ ಪಾಲಿಗೆ ಸಿಗುತ್ತದೆ. ಗಾಳಿಗೆ ಎದುರಾಗಿ ಹೋಗುವಾಗ ನಿಧಾನ, ಅದು ಗೊತ್ತಿದ್ದೇ ತಗೊಂಡದ್ದು. ಇದರಲ್ಲೂ ಒಂದು ಹುಳುಕಿದೆ, ಮೊದಮೊದಲಿನ ದೋಣಿಗಳಲ್ಲಿ ಕೀಲ್ ದೋಣಿಯ ಒಡಲಿಗೆ ಸೇರುವ ಜಾಗ ಬಲ ಸಾಲದ್ದು. ಯಾರಾದರೂ ಒಳಗಿನಿಂದ ಗಟ್ಟಿ ಮಾಡಿಸಿದ್ದಾರೋ ಇಲ್ಲವೋ ಅಂತ ನೋಡದೆ ಕೊಳ್ಳಬಾರದು.

ಇನ್ನು ಸಿಮೆಂಟಿನ ದೋಣಿ. ಹೌದು, ಸಿಮೆಂಟು. ಕಬ್ಬಿಣದ ಸರಳು, ಕೋಳಿಗೂಡಿಗೆ ಹಾಕುತ್ತಾರಲ್ಲ ಆ ಥರದ ತಂತಿಬಲೆ, ಅದರ ಮೇಲೆ ಗಾರೆ. ಹೇಳಿದರೆ ನಗುತ್ತಾರೆ, ಆದರೆ ಇದು ಹಳೇ ಐಡಿಯಾ. ಫ್ರಾನ್ಸಿನ ಲ್ಯಾಂಬೊ ಅನ್ನುವವರು 1848ರಲ್ಲೇ ಇಂಥ ದೋಣಿ ಮಾಡಿದ್ದರು, ಅದು ಇಂದಿನ ಆರ್‌ಸಿಸಿ ತಾರಸಿಗಳಿಗೆಲ್ಲ ಅಜ್ಜ ಇದ್ದ ಹಾಗೆ. 1960-70ರ ದಶಕದಲ್ಲಿ ಎಷ್ಟೋ ಜನ ಮನೆ ಹಿತ್ತಲಲ್ಲಿ 40 ಅಡಿ ದೋಣಿ ಕಟ್ಟಲು ಹೊರಟರು, ಯಾಕೆಂದರೆ ಸಾಮಾನು ಅಗ್ಗ, ಅಚ್ಚು ಬೇಡ. ಗಾರೆಯನ್ನು ಮಾತ್ರ ಎಡೆಬಿಡದೆ ಒಂದೇ ದಮ್ಮಿಗೆ ಮೆತ್ತಬೇಕು, ಊರಿನವರನ್ನೆಲ್ಲ ಕರೆದು, ನಮ್ಮಲ್ಲಿ ತಾರಸಿ ಹಾಕುವ ದಿನದ ಹಾಗೆ. ಚೆನ್ನಾಗಿ ಮಾಡಿದ್ದು ಇವತ್ತಿಗೂ ಗಟ್ಟಿ. ಕೆಟ್ಟದಾಗಿ ಮಾಡಿದ್ದು? ಅದೇ ಕಷ್ಟ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಒಂದು ಸಲ ನಾನೇ ಹಳ್ಳಕ್ಕೆ ಬೀಳುವವನಿದ್ದೆ. ಎಸೆಕ್ಸ್ ಕಡೆಯ ಒಂದು ನದಿಮುಖದಲ್ಲಿ ಎರಡು ಹಾಯಿಕಂಬದ ಸಿಮೆಂಟ್ ದೋಣಿ, ಒಳಗೆ ಒಲೆ, ಪುಸ್ತಕದ ಕಪಾಟು, ತೇಗದ ಮೇಜು, ಬೆಲೆ ನನ್ನ ಕಾರಿಗಿಂತ ಕಡಿಮೆ. ಮಾರುವವರು ವಯಸ್ಸಾದ ದಂಪತಿ, ಟೀ ಕೊಟ್ಟು ಇಪ್ಪತ್ತು ವರ್ಷದ ಪ್ರಯಾಣದ ಕಥೆ ಹೇಳಿದರು, ನಾನು ಮನಸ್ಸಲ್ಲೇ ದೋಣಿಗೆ ಕನ್ನಡ ಹೆಸರನ್ನೂ ಇಟ್ಟಾಗಿತ್ತು. ಆಮೇಲೆ ಸರ್ವೇಯರ್, ಅಂದರೆ ಕೊಳ್ಳುವ ಮೊದಲು ದೋಣಿ ಪರೀಕ್ಷೆ ಮಾಡುವವರು, ಬಂದರು. ಸಣ್ಣ ಸುತ್ತಿಗೆ ಹಿಡಿದು ಒಡಲಿನ ಸುತ್ತ ಟಕ್ ಟಕ್ ಅಂತ ಬಡಿಯುತ್ತಾ ಕಿವಿಕೊಟ್ಟು ಕೇಳುತ್ತಾ ಹೋದರು, ತೆಂಗಿನಕಾಯಿ ಬಲಿತಿದೆಯಾ ಅಂತ ನೋಡುವ ಹಾಗೆ. ಎರಡು ಕಡೆ ಶಬ್ದ ಬೇರೆ ಬಂತು. "ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು, ಒಡೆಯದೆ ಹೇಳಲಾಗದು" ಅಂದರು. ಅಷ್ಟಕ್ಕೂ ಬುದ್ಧಿ ಬರಲಿಲ್ಲ. ವಿಮೆಯವರಿಗೆ ಫೋನ್ ಮಾಡಿದೆ, ಸಿಮೆಂಟು ಅಂದ ತಕ್ಷಣ ಒಂದು ಕಂಪನಿ ಬೇಡವೇ ಬೇಡ ಅಂತು, ಇನ್ನೊಂದು ಕೇಳಿದ ಮೊತ್ತಕ್ಕೆ ಮಾತ್ರ ನನಗೆ ಬುದ್ಧಿ ಬಂತು. ವಿಮೆ ಇಲ್ಲದಿದ್ದರೆ ಇಲ್ಲಿನ ಹೆಚ್ಚಿನ ಮರೀನಾಗಳು ಒಳಗೇ ಬಿಡುವುದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ದೋಣಿಯಾದರೆ ನೋಡಬೇಕು, ದಂತವೈದ್ಯರನ್ನೂ ಕರೆದುಕೊಂಡು ಹೋಗಿ ನೋಡಬೇಕು.

ಭಾವ ಕಳಿಸಿದ್ದು ಜೋಡಿ ಒಡಲಿನ ವಾರಮ್ ಕ್ಯಾಟಮರಾನ್. ಕ್ಯಾಟಮರಾನ್ ಅನ್ನುವ ಪದವೇ ತಮಿಳಿನ ಕಟ್ಟುಮರದಿಂದ ಹೋದದ್ದು. ಆದರೆ ಕಟ್ಟುಮರ ಅಂದರೆ ಮರದ ದಿಮ್ಮಿಗಳನ್ನು ಕಟ್ಟಿದ ತೆಪ್ಪ, ಎರಡು ಒಡಲಿನ ದೋಣಿ ಪೆಸಿಫಿಕ್ ದ್ವೀಪದವರದ್ದು, ಬ್ರಿಟಿಷರು ಹೆಸರು ಒಂದು ಕಡೆಯದ್ದು, ವಸ್ತು ಇನ್ನೊಂದು ಕಡೆಯದ್ದು ಎತ್ತಿಕೊಂಡರು. ಜೇಮ್ಸ್ ವಾರಮ್ 1955-56ರಲ್ಲಿ ತಾವೇ ಕಟ್ಟಿದ 23 ಅಡಿಯ ಇಂಥ ದೋಣಿಯಲ್ಲಿ ಇಬ್ಬರು ಜರ್ಮನ್ ಯುವತಿಯರ ಜೊತೆ ಅಟ್ಲಾಂಟಿಕ್ ದಾಟಿದರು. ಆಮೇಲೆ ಜೀವನವಿಡೀ ನಕ್ಷೆಗಳನ್ನು ಮಾರಿದರು, ಪ್ಲೈವುಡ್ಡು ತಂದು ನೀವೇ ಕಟ್ಟಿಕೊಳ್ಳಿ ಅಂತ. ಅವರ ಎಷ್ಟೋ ವಿನ್ಯಾಸಗಳಲ್ಲಿ ಎರಡು ಒಡಲನ್ನು ಹಿಡಿದಿಡುವುದು ಬೋಲ್ಟು ಅಲ್ಲ, ಹಗ್ಗ! ಅಲೆಗೆ ಸ್ವಲ್ಪ ಅಲುಗಾಡಲಿ, ಬಿಗಿಯಾಗಿದ್ದರೆ ತಾನೇ ಮುರಿಯುವುದು ಅನ್ನುವ ಲೆಕ್ಕ. ನಮ್ಮ ಊರಿನ ಹಳೇ ದೋಣಿಗಳಲ್ಲೂ ಹಲಗೆಯನ್ನು ಹಗ್ಗದಿಂದ ಹೊಲಿಯುತ್ತಿದ್ದರು, ಮೊಳೆ ಹೊಡೆಯುತ್ತಿರಲಿಲ್ಲ, ಹಾಗಾಗಿ ನನಗೆ ಇದು ಪಾರ್ಕಿನಲ್ಲಿ ಸಿಕ್ಕ ಊರಿನವರ ಹಾಗೆ ಕಾಣುತ್ತದೆ. ಇಲ್ಲಿನ ದೋಣಿ ಪ್ರಿಯರಲ್ಲಿ ಮಾತ್ರ ಎರಡೇ ಪಂಗಡ, ಪೂಜೆ ಮಾಡುವವರು ಮತ್ತು ಬೈಯುವವರು. ಭಾವನಿಗೆ ನಾನು ಬೇಡ ಅಂದೆ. ದೋಣಿ ಕೆಟ್ಟದ್ದಲ್ಲ, ಭಾವನಿಗೆ ಗರಗಸ ಹಿಡಿದು ಗೊತ್ತಿಲ್ಲ. ಪ್ಲೈವುಡ್ ದೋಣಿ ಅಂದರೆ ಎಲ್ಲಿ ಮೆತ್ತಗಾಗಿದೆ ಅಂತ ವರ್ಷವಿಡೀ ಚುಚ್ಚಿ ನೋಡುತ್ತಾ ಇರಬೇಕು. ಅಗಲ ಜಾಸ್ತಿ ಅಂತ ಒಂದೂವರೆ ಪಟ್ಟು ಬಾಡಿಗೆ ಕೇಳುವ ಮರೀನಾಗಳೂ ಇವೆ.

ಮ್ಯಾಕ್‌ಗ್ರೆಗರ್ 26 ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದಕ್ಕೆ ಸಿಗುವಷ್ಟು ಬೈಗುಳ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಅಮೆರಿಕದ್ದು. ಹಾಯಿಯೂ ಇದೆ, ಹಿಂದೆ 50 ಹಾರ್ಸ್‌ಪವರ್ ಎಂಜಿನ್ನೂ ಹಾಕಬಹುದು. ಸೀಸದ ಭಾರದ ಬದಲು ಹೊಟ್ಟೆಗೆ ನೀರು ತುಂಬಿಸಿಕೊಳ್ಳುತ್ತದೆ, ಮನೆಗೆ ಹೋಗುವಾಗ ನೀರು ಚೆಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಹಾಯಿಯವರು ಇದನ್ನು ದೋಣಿ ಅಂತ ಒಪ್ಪುವುದಿಲ್ಲ, ಮೋಟರ್ ಬೋಟಿನವರೂ ಒಪ್ಪುವುದಿಲ್ಲ. ಆದರೆ ದೋಣಿಯನ್ನು ಮನೆ ಮುಂದೆ ನಿಲ್ಲಿಸಿಕೊಳ್ಳಬೇಕು, ಮಕ್ಕಳನ್ನು ಕರೆದುಕೊಂಡು ಶಾಂತ ನೀರಲ್ಲಿ ಒಂದು ದಿನ ಸುತ್ತಬೇಕು ಅನ್ನುವವರಿಗೆ ಇದಕ್ಕಿಂತ ಸರಿಯಾದದ್ದು ಯಾವುದಿದೆ ಹೇಳಿ? ಬೈಯುವವರಲ್ಲಿ ಅರ್ಧ ಜನ ತಮ್ಮ ದೋಣಿಯನ್ನು ವರ್ಷಕ್ಕೆ ನಾಲ್ಕು ಸಲವೂ ಬಿಚ್ಚುವುದಿಲ್ಲ.

ಬೈಸಿಕೊಂಡ ದೋಣಿಗಳ ಮರ್ಯಾದೆ ಉಳಿಸಿದ್ದು ಸುಹೇಲಿ. ನಮ್ಮ ಮುಂಬೈಯಲ್ಲಿ 1960ರ ದಶಕದಲ್ಲಿ ತೇಗದ ಮರದಲ್ಲಿ, ನಮ್ಮ ಬಡಗಿಗಳು ಕೈಯಲ್ಲೇ ಕಟ್ಟಿದ 32 ಅಡಿ ದೋಣಿ. ಅದರ ನಕ್ಷೆ ಆಗಲೇ ಹಳೇ ಕಾಲದ್ದು, ನಾರ್ವೆಯ ಕಡಲ ರಕ್ಷಣಾ ದೋಣಿಗಳ ವಂಶ, ಹಿಂದೂ ಚೂಪು ಮುಂದೂ ಚೂಪು, ಭಾರ, ನಿಧಾನ. ಅದರ ಯಜಮಾನ, ಇಂಗ್ಲೆಂಡಿನ ನಾವಿಕ ರಾಬಿನ್ ನಾಕ್ಸ್-ಜಾನ್ಸ್‌ಟನ್‌ಗೆ ಬೇರೆ ದೊಡ್ಡ ದೋಣಿ ಕಟ್ಟಿಸುವ ಆಸೆ ಇತ್ತು, ದುಡ್ಡು ಹೊಂದಲಿಲ್ಲ, ಇದ್ದ ಸುಹೇಲಿಯಲ್ಲೇ 1968ರ ಜೂನ್‌ನಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟರು. ಒಂಬತ್ತು ಜನ ಹೊರಟ ಆ ಸ್ಪರ್ಧೆಯಲ್ಲಿ ಮುಗಿಸಿದ್ದು ಅವರೊಬ್ಬರೇ. 1969ರ ಏಪ್ರಿಲ್ 22ಕ್ಕೆ ಎಲ್ಲೂ ನಿಲ್ಲದೆ, ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲ ಮನುಷ್ಯನಾಗಿ ಫಾಲ್ಮತ್‌ಗೆ ಬಂದರು. ಅದೇ ವಂಶದ ಫೈಬರ್ ದೋಣಿ ಅಮೆರಿಕದ ವೆಸ್ಟ್‌ಸೇಲ್ 32. ಅದರ ನಿಧಾನ ನೋಡಿ 'ವೆಟ್‌ಸ್ನೇಲ್', ಒದ್ದೆ ಬಸವನಹುಳು, ಅಂತ ಅಡ್ಡಹೆಸರಿಟ್ಟಿದ್ದಾರೆ. 1991ರ ಅಕ್ಟೋಬರ್ ಕೊನೆಯ ದೊಡ್ಡ ಬಿರುಗಾಳಿಯಲ್ಲಿ ಸಟೋರಿ ಅನ್ನುವ ಒಂದು ವೆಸ್ಟ್‌ಸೇಲ್‌ನಿಂದ ಜನರನ್ನು ಕೋಸ್ಟ್ ಗಾರ್ಡಿನವರು ಇಳಿಸಿಕೊಂಡರು. ಖಾಲಿ ದೋಣಿ ತನ್ನ ಪಾಡಿಗೆ ತೇಲಿ ಹೋಗಿ, ದಿನಗಳ ನಂತರ ದಡದ ಮರಳಲ್ಲಿ ಹೆಚ್ಚೇನೂ ಆಗದೆ ಕೂತಿತ್ತು. ಹುಳು ಅಂತೆ.

ಇಷ್ಟು ಬರೆಯಲು ಕಾರಣ ಲೆಸ್ಟರಿನ ಗೆಳೆಯ ಮೊನ್ನೆ ಕಳಿಸಿದ್ದು. 24 ಅಡಿ ಫೈಬರ್ ದೋಣಿ, ಅದಕ್ಕೆ ಜಂಕ್ ಹಾಯಿ, ಅಂದರೆ ಚೀನಾದ ಹಳೇ ಹಡಗುಗಳಲ್ಲಿ ಇರುತ್ತಿದ್ದ, ಅಡ್ಡಕ್ಕೆ ಪಟ್ಟಿಗಳಿರುವ ಬೀಸಣಿಗೆಯಂಥ ಹಾಯಿ. ಒಂದೇ ಹಾಯಿಕಂಬ, ಅದನ್ನು ಎಳೆದು ಹಿಡಿಯಲು ತಂತಿಗಳೇ ಇಲ್ಲ. ಎರಡು ವರ್ಷದಿಂದ ಮಾರಾಟಕ್ಕಿದೆಯಂತೆ, ಬೆಲೆ ಇಳಿಯುತ್ತಾ ಬಂದಿದೆ. ಅವನ ಪ್ರಶ್ನೆ: "ಎಲ್ಲರೂ ಬೇಡ ಅಂತಿದ್ದಾರೆ, ಏನೋ ದೋಷ ಇರಬೇಕು ಅಲ್ವಾ?"

ಈ ಹಾಯಿಗೆ ಇಲ್ಲಿ ಹೊಸ ಜೀವ ಕೊಟ್ಟದ್ದು ಬ್ಲಾಂಡಿ ಹಾಸ್ಲರ್, ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ರಾಯಲ್ ಮರೀನ್ಸ್ ಅಧಿಕಾರಿ. ಒಬ್ಬನೇ, ಡೆಕ್ಕಿನ ಮೇಲೆ ಓಡಾಡದೆ, ಒಳಗಿನ ಕಿಂಡಿಯಲ್ಲಿ ನಿಂತೇ ದೋಣಿ ನಡೆಸಬೇಕು, ಇದು ಅವರ ಹಟ. ಗಾಳಿ ಜೋರಾದರೆ ಹಗ್ಗ ಸಡಿಲಿಸಿದರೆ ಸಾಕು, ಹಾಯಿ ಕಿಟಕಿಯ ಪರದೆ ಹಾಗೆ ಮಡಚಿಕೊಂಡು ಇಳಿಯುತ್ತದೆ. 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ನಡೆದ ಮೊದಲ ಒಬ್ಬಂಟಿ ಸ್ಪರ್ಧೆಯಲ್ಲಿ ಜೆಸ್ಟರ್ ಅನ್ನುವ 25 ಅಡಿ ದೋಣಿಗೆ ಈ ಹಾಯಿ ಕಟ್ಟಿಕೊಂಡು 48 ದಿನಕ್ಕೆ ಎರಡನೆಯವರಾಗಿ ಮುಟ್ಟಿದರು. ಗಾಳಿಗೆ ಎದುರು ಹೋಗುವಾಗ ಇದು ಸೋಮಾರಿ, ಪಕ್ಕದ ದೋಣಿಗಳೆಲ್ಲ ಮುಂದೆ ಹೋಗುತ್ತವೆ. ಮಾರುಕಟ್ಟೆಯಲ್ಲಿ ಬೆಲೆ ಬೀಳುವುದಕ್ಕೆ ಅದೂ, ರೂಢಿ ಇಲ್ಲದಿರುವುದೂ ಕಾರಣ.

ಈಗ ಗೆಳೆಯನ ಕಥೆ ನೋಡಿ. ಸೊಂಟ ನೋವು, ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ಹೆಂಡತಿಗೆ ನೀರು ಕಂಡರೆ ಆಗುವುದಿಲ್ಲ, ಹೋದರೆ ಒಬ್ಬನೇ ಹೋಗಬೇಕು. ಸ್ಪರ್ಧೆ ಗಿರ್ಧೆ ಬೇಕಿಲ್ಲ, ಥರ್ಮಾಸಿನಲ್ಲಿ ಕಾಫಿ ಇಟ್ಟುಕೊಂಡು ನದಿಯಲ್ಲಿ ಒಂದು ಸುತ್ತು ಬಂದರೆ ಸಾಕು. ಹಾಸ್ಲರ್‌ಗೆ ಇದ್ದ ತಾಪತ್ರಯವೇ ಇವನಿಗೂ ಇದೆ.

ತಗೋ ಅಂತ ಬರೆದು ಕಳಿಸಿದೆ. ಹಾಯಿಕಂಬ ಡೆಕ್ಕಿನೊಳಗೆ ಇಳಿಯುವ ಜಾಗದಲ್ಲಿ ಬಿರುಕಿದೆಯಾ ನೋಡು, ಎರಡು ವರ್ಷ ನಿಂತ ಎಂಜಿನ್ ಶುರು ಮಾಡಿಸು, ಬೆಲೆಯಲ್ಲಿ ಇನ್ನೂ ಕಾಲುಭಾಗ ಚೌಕಾಸಿ ಮಾಡು, ಸರ್ವೇ ಆಗುವ ತನಕ ಮುಂಗಡ ಮಾತ್ರ ಕೊಡಬೇಡ.