ಚಿಕಾಗೋದ ಟಚಿಂಗ್ ಮೇಜು

1930–40ರ ದಶಕದ ಅಮೆರಿಕನ್ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಮೊದಲು ಆಕಾಶ ನೋಡಿ. ಮೇಲೆ ಗಾಢ ನೀಲಿ, ಕೆಳಗೆ ಬರುತ್ತಾ ತಿಳಿ, ಬೆಟ್ಟದ ಅಂಚಿಗೆ ಸ್ವಲ್ಪ ಹಳದಿ ಅಥವಾ ಗುಲಾಬಿ. ಊರು ಟೆಕ್ಸಾಸಿನದ್ದಿರಲಿ, ಒಹಾಯೋದ್ದಿರಲಿ, ಹೆಚ್ಚು ಕಡಿಮೆ ಇದೇ ಆಕಾಶ. ಕ್ಯಾಮೆರಾಕ್ಕೆ ಸಿಕ್ಕಿದ ಆಕಾಶ ಇದಲ್ಲ, ಯಾರೋ ಕೂತು ಬಳಿದದ್ದು ಅಂತ ನನಗೆ ಮೊದಲ ನೋಟಕ್ಕೇ ಗೊತ್ತಾಯಿತು. ಕಾಸರಗೋಡಿನ ಬದಿಯಡ್ಕದ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ನಾನು ಮಾಡಿದ್ದೂ ಅದೇ ಕೆಲಸ. ಟಚಿಂಗ್, ಅಂದರೆ ಫೋಟೋವನ್ನು ಕೈಯಲ್ಲೇ ತಿದ್ದಿ ಬಣ್ಣ ಹಾಕುವುದು.

ಕಲರ್ ಫಿಲ್ಮ್ ನಮ್ಮ ಕಡೆ ಬರುವ ಮೊದಲು ಮದುವೆ ಫೋಟೋಕ್ಕೆ ಕೈಯಲ್ಲೇ ಬಣ್ಣ ಹಾಕುತ್ತಿದ್ದೆವು. ಮೊದಲು ನೆಗೆಟಿವ್ ಮೇಲೆ ಸೂಜಿಯ ಹಾಗೆ ಚೂಪಾದ ಪೆನ್ಸಿಲಿನಲ್ಲಿ ಮೊಡವೆ, ಕಣ್ಣಿನ ಕೆಳಗಿನ ಕಪ್ಪು ಸರಿಮಾಡಬೇಕು. ಆಮೇಲೆ ಮ್ಯಾಟ್ ಪೇಪರಿನ ಪ್ರಿಂಟಿಗೆ ಕಡ್ಡಿ ತುದಿಗೆ ಹತ್ತಿ ಸುತ್ತಿ ಬಣ್ಣ. ಸೀರೆ ಯಾವ ಬಣ್ಣದ್ದು ಅಂತ ಮದುಮಗಳ ಮನೆಯವರು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಚಿನ್ನಕ್ಕೆ ಹಳದಿ ನಾವೇ ಹಾಕುತ್ತಿದ್ದೆವು, ಅದಕ್ಕೆ ಚೀಟಿ ಬೇಕಿರಲಿಲ್ಲ. ತೀರಿಹೋದ ಅಜ್ಜನನ್ನು ಹಳೆಯ ಗ್ರೂಪ್ ಫೋಟೋದಿಂದ ತೆಗೆದು ಅಜ್ಜಿಯ ಪಕ್ಕದಲ್ಲಿ ಕೂರಿಸಿದ್ದೂ ಉಂಟು.

ಈ ಕಾರ್ಡುಗಳನ್ನು ನನಗೆ ತಂದುಕೊಟ್ಟದ್ದು ಅಕ್ಕನ ಮಗ. ಅಮೆರಿಕದಲ್ಲಿ ಹಳೆ ಸಾಮಾನಿನ ಸಂತೆಯಲ್ಲಿ ಡಬ್ಬಿಗಟ್ಟಲೆ ಮಾರುತ್ತಾರಂತೆ. “ಮಾವ, ಇದು ನಿಂಗೊಗೆ ಖುಷಿ ಅಕ್ಕು” ಅಂತ ಒಂದು ಕಟ್ಟು ಕೈಗಿಟ್ಟ. ಖುಷಿ ಅಂದರೆ ಏನು ಖುಷಿ! ಅಂದಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟು ಇದರಲ್ಲೇ ಮುಳುಗಿದ್ದೇನೆ.

ಕಟ್ಟಿನಲ್ಲಿ ಹೆಚ್ಚಿನವು ಚಿಕಾಗೋದ ಕರ್ಟ್ ಟೈಕ್ ಕಂಪೆನಿಯವು. ಜರ್ಮನಿಯಿಂದ ಹೋದ ಟೈಕ್ 1898ರಲ್ಲಿ ಅಲ್ಲಿ ಪ್ರೆಸ್ ಶುರು ಮಾಡಿದರು. 1930ರ ದಶಕದಲ್ಲಿ ಅವರು ತಂದ ಕಾರ್ಡುಗಳಿಗೆ ಲಿನನ್ ಕಾರ್ಡು ಅಂತ ಹೆಸರು. ಕಾಗದದ ಮೇಲೆ ಬಟ್ಟೆಯ ನೇಯ್ಗೆಯಂಥ ಗೆರೆ ಒತ್ತಿರುತ್ತದೆ. ಬೆರಳಿಗೆ ತರಿತರಿ ಸಿಗುತ್ತದೆ. ಶಾಯಿ ಬೇಗ ಒಣಗುವುದರಿಂದ ಗಾಢ ಬಣ್ಣ ಹಾಕಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಗದಕ್ಕಿಂತ ಜಾಸ್ತಿ ಅವರ ಕೆಲಸದ ಕ್ರಮ. ಕಂಪೆನಿಯ ಸೇಲ್ಸ್‌ಮನ್ ಊರೂರು ಸುತ್ತುತ್ತಿದ್ದ. ಹೆದ್ದಾರಿ ಬದಿಯ ಮೋಟೆಲ್, ಹೋಟೆಲು, ಪೆಟ್ರೋಲ್ ಬಂಕ್, ಯಾರು ಆರ್ಡರ್ ಕೊಟ್ಟರೂ ಸರಿ. ಅವನು ಕಪ್ಪು ಬಿಳುಪು ಫೋಟೋ ಹಿಡಿದು, ಗೋಡೆಗೆ ಯಾವ ಬಣ್ಣ, ಮಾಡಿಗೆ ಯಾವ ಬಣ್ಣ ಅಂತ ಬರೆದು ಚಿಕಾಗೋಕ್ಕೆ ಕಳಿಸುತ್ತಿದ್ದ. ಕೆಲವು ಗಿರಾಕಿಗಳು ಪರದೆ ಬಟ್ಟೆಯ ತುಂಡು, ನೆಲಹಾಸಿನ ತುಂಡನ್ನೇ ಜೊತೆಗಿಟ್ಟು ಕಳಿಸಿದ್ದಾರೆ. ನಮ್ಮ ಮದುಮಗಳ ಚೀಟಿಯೇ ಅಲ್ವಾ ಅದು?

ಮುಂದಿನದ್ದು ಮೇಜಿನ ಮೇಲೆ ನಡೆಯುವ ಕೆಲಸ. ಕರೆಂಟ್ ಕಂಬ ಅಳಿಸು. ತಂತಿ ಅಳಿಸು. ರಸ್ತೆಯ ಹೊಂಡ ಮುಚ್ಚು. ಖಾಲಿ ಜಾಗದಲ್ಲಿ ಹೊಸ ಮಾಡೆಲ್ ಕಾರು ನಿಲ್ಲಿಸು. ಹುಲ್ಲು ಹಸಿರು ಮಾಡು, ಮೋಡ ತೇಲಿಸು. ಆ ಮೇಜಿನಲ್ಲಿ ಕೂತವರು ಆ ಊರನ್ನು ನೋಡಿರಬೇಕು ಅಂತೇನಿಲ್ಲ. ನಾನು ಸೀರೆ ನೋಡದೆ ಸೀರೆಗೆ ಬಣ್ಣ ಹಾಕಿದ ಹಾಗೆಯೇ ಅವರು ಅರಿಜೋನಾದ ಮರುಭೂಮಿಗೆ ಬಣ್ಣ ಹಾಕಿದರು.

ರಾತ್ರಿಯ ಕಾರ್ಡುಗಳನ್ನು ನೋಡಿದರೆ ಇನ್ನೂ ಚೆಂದ. ಒಂದೇ ಫೋಟೋದಿಂದ ಎರಡು ಕಾರ್ಡು ಮಾಡುತ್ತಿದ್ದರು, ಒಂದು ಹಗಲಿನದ್ದು, ಇನ್ನೊಂದು ಬೆಳದಿಂಗಳಿನದ್ದು. ಎರಡನೆಯದಕ್ಕೆ ಇಡೀ ಚಿತ್ರಕ್ಕೆ ಕಡು ನೀಲಿ, ಮೂಲೆಯಲ್ಲಿ ದೊಡ್ಡ ಚಂದ್ರ, ಕಿಟಕಿಗಳಿಗೆ ಹಳದಿ. ನೆರಳು ಮಾತ್ರ ಬಿಸಿಲಿನದ್ದೇ. ಚಂದ್ರ ಎಡಗಡೆ ಇದ್ದರೆ ನೆರಳೂ ಎಡಕ್ಕೇ ಬಿದ್ದಿರುವುದನ್ನು ನಾನು ಒಂದರಲ್ಲಿ ಕಂಡೆ. ಟಚಿಂಗ್ ಮಾಡಿದವರ ಕಣ್ಣಿಗೆ ಅದು ತಪ್ಪುವುದಿಲ್ಲ. ಆದರೂ ಆ ನೀಲಿ ಎಷ್ಟು ಹದವಾಗಿ ಇಳಿದಿದೆ ಅಂತ ಮತ್ತೆ ಮತ್ತೆ ನೋಡುತ್ತೇನೆ.

ಇವುಗಳಿಗೆ ಮೊದಲಿನ ಕಥೆಯನ್ನೂ ಸ್ವಲ್ಪ ಹೇಳುತ್ತೇನೆ. 1893ರ ಚಿಕಾಗೋ ಮಹಾಮೇಳದಲ್ಲಿ ಚಿತ್ರದ ಕಾರ್ಡುಗಳನ್ನು ನೆನಪಿಗೆಂದು ಮಾರಿದರು. 1898ರ ಕಾನೂನಿನಿಂದ ಖಾಸಗಿಯವರು ಅಚ್ಚು ಹಾಕಿದ ಕಾರ್ಡೂ ಒಂದೇ ಸೆಂಟಿನಲ್ಲಿ ಹೋಗುವಂತಾಯಿತು. ಆಗ ಹಿಂಬದಿ ವಿಳಾಸಕ್ಕೆ ಮಾತ್ರ. ಸುದ್ದಿ ಬರೆಯಬೇಕಾದರೆ ಚಿತ್ರದ ಬದಿಯಲ್ಲೇ ಬರೆಯಬೇಕು. ಹಾಗಾಗಿ ಆ ಕಾಲದ ಚಿತ್ರಗಳ ಅಂಚಿನಲ್ಲೆಲ್ಲ ಕೈಬರಹ. 1907ರ ಮಾರ್ಚ್ 1ರಿಂದ ಹಿಂಬದಿಯನ್ನು ಎರಡು ಭಾಗ ಮಾಡಲು ಬಿಟ್ಟರು, ಒಂದು ವಿಳಾಸಕ್ಕೆ, ಇನ್ನೊಂದು ಸುದ್ದಿಗೆ. 1908ರ ಜೂನಿಗೆ ಮುಗಿದ ವರ್ಷದಲ್ಲಿ ಅಮೆರಿಕದ ಅಂಚೆಯಲ್ಲಿ ಹೋದ ಕಾರ್ಡು 67 ಕೋಟಿ 70 ಲಕ್ಷಕ್ಕೂ ಜಾಸ್ತಿ. ಆಗ ಅಲ್ಲಿನ ಜನಸಂಖ್ಯೆ ಒಂಬತ್ತು ಕೋಟಿ ಮುಟ್ಟಿರಲಿಲ್ಲ.

ಅದೇ ಸಮಯಕ್ಕೆ ಕಾನ್ಸಾಸಿನ ಒಟ್ಟಾವಾ ಎಂಬ ಊರಿನಲ್ಲಿ ಡಬ್ಲ್ಯೂ. ಎಚ್. ಮಾರ್ಟಿನ್ ಎಂಬ ಸ್ಟುಡಿಯೋದವರು ಇದ್ದರು. ಇವರ ಮೇಲೆ ನನಗೆ ತುಂಬ ಪ್ರೀತಿ. ಎತ್ತಿನ ಬಂಡಿಯಷ್ಟು ದೊಡ್ಡ ಜೋಳದ ತೆನೆ, ಮನುಷ್ಯನಿಗಿಂತ ದೊಡ್ಡ ಮೀನು, ಮನೆಯಂಥ ಕುಂಬಳಕಾಯಿ, ಇಂಥ ಕಾರ್ಡು ಮಾಡಿದವರು. ಬೇರೆ ಬೇರೆ ಅಳತೆಯ ಪ್ರಿಂಟುಗಳನ್ನು ಕತ್ತರಿಸಿ ಅಂಟಿಸುವುದು, ಅದನ್ನು ಮತ್ತೆ ಫೋಟೋ ಹೊಡೆಯುವುದು. ಕತ್ತರಿಸಿದ ಅಂಚು ಕಾಣದ ಹಾಗೆ ಮಾಡುವುದು ಎಷ್ಟು ಕಷ್ಟ ಅಂತ ಅಜ್ಜನನ್ನು ಕೂರಿಸಿದ ನನಗೆ ಗೊತ್ತು. ಭೂತಗನ್ನಡಿ ಹಿಡಿದು ಹುಡುಕಿದರೂ ಕೆಲವದರಲ್ಲಿ ನನಗೆ ಅಂಚು ಸಿಗಲಿಲ್ಲ.

ಕಟ್ಟಿನಲ್ಲಿ ನೋಡಲಿಕ್ಕೆ ಸಂಕಟವಾಗುವ ಕಾರ್ಡುಗಳೂ ಇವೆ. ಕಪ್ಪು ಜನರನ್ನು ನಗೆಚಿತ್ರ ಮಾಡಿದವು. ದಪ್ಪ ತುಟಿ, ಉಬ್ಬಿದ ಕಣ್ಣು, ಕೈಯಲ್ಲಿ ಕಲ್ಲಂಗಡಿ. ಫ್ಲಾರಿಡಾದ ಹೆಸರಿನಲ್ಲಿ ಮಕ್ಕಳನ್ನು ಮೊಸಳೆ ಅಟ್ಟಿಸಿಕೊಂಡು ಹೋಗುವಂಥವು. ಇವು ಗುಟ್ಟಿನಲ್ಲಿ ಮಾರಿದವಲ್ಲ, ಎಲ್ಲರ ಎದುರು ಅಂಗಡಿಯಲ್ಲಿ ನೇತುಹಾಕಿ ಮಾರಿದವು. ಆಕಾಶ ಬಳಿದ ಹಾಗೆಯೇ ಹದವಾಗಿ ಈ ಮುಖಗಳಿಗೂ ಬಣ್ಣ ಬಳಿದಿದ್ದಾರೆ. ನನ್ನ ಮನಸ್ಸಿಗೆ ನಾಟಿದ್ದು ಅದು. ಹುಡುಗಿಯ ಫೋಟೋ ತಂದು “ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ, ಗಂಡಿನ ಕಡೆಯವರಿಗೆ ಕಳಿಸಲಿಕ್ಕೆ” ಅಂತ ಕೇಳಿದವರು ನಮ್ಮಲ್ಲೂ ಎಷ್ಟೋ ಮಂದಿ. ಒಂದು ಮುಖ ಇದ್ದ ಹಾಗೆ ಇದ್ದರೆ ಸಾಲದು ಅಂತ ಪೆನ್ಸಿಲ್ ಹೇಳಬಲ್ಲದು. ಈ ಕಾರ್ಡುಗಳನ್ನು ನಾನು ಎಸೆದಿಲ್ಲ. ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಚೆಂದದ ಬೀದಿಗಳನ್ನು ತೋರಿಸಿದ ಮೇಲೆ ಇದನ್ನೂ ತೋರಿಸುತ್ತೇನೆ.

ಫೋಟೋಗ್ರಾಫರ್ ವಾಕರ್ ಇವಾನ್ಸ್ ಹುಡುಗನಾಗಿದ್ದಾಗಿನಿಂದ ಪೋಸ್ಟ್‌ಕಾರ್ಡು ಕೂಡಿಟ್ಟವರು. ಸುಮಾರು 9,000 ಕಾರ್ಡು ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಅವರ ಒಲವು ಇಪ್ಪತ್ತನೆಯ ಶತಮಾನದ ಆರಂಭದ ಕಾರ್ಡುಗಳ ಕಡೆಗೆ. ಸಾದಾ ಪೇಟೆಬೀದಿ, ಕೋರ್ಟು ಕಟ್ಟಡ, ರೈಲ್ವೆ ಸ್ಟೇಷನ್. ಅವರಂಥ ಕಣ್ಣು ನನಗಿಲ್ಲ, ಆದರೆ ನನ್ನ ಮತ ಲಿನನ್ ಕಾರ್ಡಿಗೇ. ಅದರಲ್ಲಿ ಕೈ ಕಾಣುತ್ತದೆ.

ಟೈಕ್ ಕಾರ್ಡಿನ ವರ್ಷ ತಿಳಿಯುವುದು ಸುಲಭ, ಬೇಕಾದವರಿಗೆ ಉಪಕಾರವಾದೀತು. ಕಾರ್ಡಿನ ಮೇಲಿನ ಸಣ್ಣ ನಂಬರ್ ನೋಡಿ. ‘5ಎ-ಎಚ್’ ಅಂತ ಶುರುವಾದರೆ 1935. ‘ಎ’ ಅಂದರೆ 1930ರ ದಶಕ, ‘ಬಿ’ 1940ರದ್ದು, ‘ಸಿ’ 1950ರದ್ದು. ಆ ಕಂಪೆನಿಯ ಕಡತಗಳೆಲ್ಲ ಈಗ ಚಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿವೆ. ಕಾರ್ಡಿನ ಮೇಲೆ ಕಂಪೆನಿ ಹೆಸರಿದೆ, ಮೋಟೆಲಿನ ಹೆಸರಿದೆ. ಬಣ್ಣ ಹಾಕಿದವರ ಹೆಸರು ನನ್ನ ಕಟ್ಟಿನ ಒಂದರಲ್ಲೂ ಇಲ್ಲ.

ಟೈಕ್‌ನ ಕಾರ್ಡುಗಳಲ್ಲಿ ಹೆಚ್ಚು ಜನ ಬಲ್ಲದ್ದು ದೊಡ್ಡ ಅಕ್ಷರದವು. ‘ಗ್ರೀಟಿಂಗ್ಸ್ ಫ್ರಂ’ ಅಂತ ಬರೆದು ಕೆಳಗೆ ಊರಿನ ಹೆಸರು, ಪ್ರತಿ ಅಕ್ಷರದೊಳಗೆ ಆ ಊರಿನ ಒಂದೊಂದು ನೋಟ. ಅದೇ ಥರ ಕಾಸರಗೋಡಿಗೆ ಒಂದು ಮಾಡುತ್ತಿದ್ದೇನೆ. ಕಾ-ದೊಳಗೆ ಬೇಕಲ ಕೋಟೆ, ಸ-ದೊಳಗೆ ಮಧೂರು ದೇವಸ್ಥಾನದ ಮಾಡು, ಗೋ-ದೊಳಗೆ ಚಂದ್ರಗಿರಿ ಹೊಳೆ, ಡು-ದೊಳಗೆ ಯಕ್ಷಗಾನದ ಕಿರೀಟ. ಕನ್ನಡ ಅಕ್ಷರದ ಗೆರೆ ದಪ್ಪ ಮಾಡದಿದ್ದರೆ ಚಿತ್ರಕ್ಕೆ ಜಾಗ ಸಾಲದು, ಜಾಸ್ತಿ ದಪ್ಪ ಮಾಡಿದರೆ ಅಕ್ಷರ ಮುಚ್ಚಿಹೋಗುತ್ತದೆ. ರ-ದೊಳಗೆ ಅಡಿಕೆ ಒಣಗಿಸುವ ಅಂಗಳ. ಅಲ್ಲಿ ಒಂದು ಕರೆಂಟ್ ಕಂಬ ಇದೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ನಿಮ್ಮ ಮನೆಯಲ್ಲಿ ಕೈಬಣ್ಣದ ಹಳೆ ಫೋಟೋ ಇದ್ದರೆ, ಮುಖ್ಯವಾಗಿ ಕುಂಬಳೆ, ಪೆರ್ಲ, ಮಂಜೇಶ್ವರ ಕಡೆಯವು, ಫ್ರೇಮಿನಿಂದ ಬಿಡಿಸಿ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಕಳಿಸಿ. ಸ್ಟುಡಿಯೋದ ಸೀಲು ಅಲ್ಲೇ ಇರುತ್ತದೆ. ಬಣ್ಣ ಹಾಕಿದ್ದು ಯಾರು ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಕೇಳಿ ಬರೆಯಿರಿ.