ಕೊನೆ ಸಾಲಲ್ಲಿ ಸೊನ್ನೆ

ಸಂಬಳ ಬಂದ ರಾತ್ರಿ ನಾನೂ ನಮ್ಮ ಮನೆಯವರೂ ತಿಂಗಳ ಖರ್ಚು ಬರೆಯೋಕೆ ನೋಟ್‌ಬುಕ್ ಹಿಡಿದು ಕೂರುತ್ತೇವೆ. ಇಬ್ಬರದೂ ಸೇರಿ 38,000. ಹೋದ ತಿಂಗಳು ಏನು ಬರೆದಿದ್ದೆವು ಅನ್ನೋದು ಲೆಕ್ಕಕ್ಕಿಲ್ಲ. ಪ್ರತಿ ಬಾಬ್ತಿಗೂ ಎಷ್ಟು ಬೇಕು ಅಂತ ಸೊನ್ನೆಯಿಂದಲೇ ಕೇಳಬೇಕು, ಕೊನೆಗೆ ಸೊನ್ನೆ ಉಳಿಯೋ ತನಕ ಪ್ರತಿ ರೂಪಾಯಿಗೂ ಒಂದು ಕೆಲಸ ಕೊಡಬೇಕು. ಬಾಡಿಗೆ, ಸ್ಕೂಲ್ ಫೀಸು, ಚೀಟಿ ಬರೆಯೋಕೆ ಒಂದು ನಿಮಿಷ ಸಾಕು.

ತಡವಾಗೋದು ತರಕಾರಿ ಹತ್ತಿರ. ನಮ್ಮ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಆಲೂಗಡ್ಡೆ ರೇಟು ಇಳಿದು 200 ಉಳಿದಿತ್ತು. ಅದನ್ನ ಹಾಸನಾಂಬೆ ಜಾತ್ರೆ ಪುಟಕ್ಕೆ ಹಾಕಿದೆ. ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ಆಗ ಮನೆ ತುಂಬ ನೆಂಟರು. ಹೋದ ವರ್ಷ ಆ ಖರ್ಚಿಗೆ ಸಾಲ ಮಾಡಿದ್ದು ನನಗೆ ಇವತ್ತಿಗೂ ಸಂಕಟ.

ಕೊನೆಗೆ ಇನ್ನೂ 150 ಉಳಿಯಿತು. "ಅಮ್ಮನ ಕಣ್ಣಿನ ಡ್ರಾಪ್ಸ್‌ಗೆ ಬರಿ" ಅಂದರು ಇವರು. ಬರೆದೆ.