ಸಂಶೋಧನೆಗೆ ಯಾಕೆ, ಪಾಪದವರ ಮಗುವಿಗೇ ಕೊಡಬಾರದಾ?

ನಮ್ಮ ಬಳಗ ಪ್ರತಿ ವರ್ಷ ಫೆಬ್ರವರಿಯಲ್ಲಿ ಉಡುಪಿಯಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡುತ್ತದೆ. ಬೆಳಿಗ್ಗೆ ತಿಂಡಿ ಅಂಗಡಿಗಳು, ಊಟ ಆದ ಮೇಲೆ ಏಲಂ, ಸಂಜೆ ತಾಳಮದ್ದಳೆ. ಬಂದ ಹಣ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹೋಗುತ್ತದೆ. ರಶೀದಿ ಪುಸ್ತಕ ಹಿಡಿದು ಮನೆ ಮನೆಗೆ ಹೋದಾಗ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಮಾತು ಕೇಳುತ್ತದೆ. "ಅಕ್ಕ, ಸಂಶೋಧನೆಗೆ ಎಂತಕ್ಕೆ? ಯಾವುದಾದ್ರೂ ಪಾಪದವರ ಮಗುವಿನ ಮದ್ದಿಗೆ ಕೊಡಬಹುದಲ್ವಾ?"

ಒಳ್ಳೆಯ ಮನಸ್ಸಿನವರು ಕೇಳುವ ಪ್ರಶ್ನೆ ಇದು. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಚಿಕಿತ್ಸೆಗೆ ಕೊಡುವುದು ಬೇಡ ಅನ್ನುವವಳಲ್ಲ ನಾನು. ಕಾಯಿಲೆಯ ಮಗು ಅಂದರೆ ನಮ್ಮ ಕಡೆಯ ಜನ ಕೈ ಬಿಗಿ ಹಿಡಿಯುವುದಿಲ್ಲ. ಕೂಲಿ ಕೆಲಸ ಮಾಡುವ ರವಿ ಕಟಪಾಡಿಯವರು ಅಷ್ಟಮಿಗೆ ವೇಷ ಹಾಕಿ, ಬೀದಿ ಬೀದಿ ಸುತ್ತಿ, ಸಂಗ್ರಹವಾದ ಹಣವನ್ನು ಬಡ ಮಕ್ಕಳ ಚಿಕಿತ್ಸೆಗೆ ಕೊಟ್ಟದ್ದನ್ನು ನಾವೆಲ್ಲ ಕಂಡಿದ್ದೇವೆ. ಪೇಪರಿನಲ್ಲಿ ನೆರವಿಗೆ ಮನವಿ ಬಂದರೆ ಗುರುತು ಪರಿಚಯ ಇಲ್ಲದವರೂ ಹಣ ಕಳಿಸುತ್ತಾರೆ. ಅದೆಲ್ಲ ನಡೆಯುತ್ತಲೇ ಇರಬೇಕು. ಆದರೆ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಆ ದುಡ್ಡಿನಲ್ಲಿ ಕೊಳ್ಳುವ ಮದ್ದು ಬಂದದ್ದಾದರೂ ಎಲ್ಲಿಂದ?

1940ರ ದಶಕದಲ್ಲಿ ಮಗುವಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಎಂದು ಗೊತ್ತಾದರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ರಕ್ತ ಕೊಡುವುದು, ನೋವು ಇಳಿಸುವುದು, ಅಷ್ಟೇ. ವಾರಗಳಲ್ಲೋ ತಿಂಗಳುಗಳಲ್ಲೋ ಮಗು ತೀರಿಹೋಗುತ್ತಿತ್ತು. ಅಪ್ಪ ಅಮ್ಮ ಆಸ್ತಿ ಎಲ್ಲ ಮಾರಿದರೂ ಕೊಳ್ಳಲು ಮದ್ದೇ ಇರಲಿಲ್ಲ. ಊರೆಲ್ಲ ಸೇರಿ ಎಷ್ಟೇ ಹಣ ಕೂಡಿಸಿಕೊಟ್ಟರೂ ಆ ಮಗು ಉಳಿಯುತ್ತಿರಲಿಲ್ಲ.

ಮೊದಲ ಬದಲಾವಣೆ ಬಂದದ್ದು ಅಮೆರಿಕದ ಬಾಸ್ಟನ್‌ನಲ್ಲಿ. ಸಿಡ್ನಿ ಫಾರ್ಬರ್ ಎಂಬ ವೈದ್ಯರು 1947ರ ಕೊನೆಗೆ ಅಮಿನೊಪ್ಟೆರಿನ್ ಎಂಬ ಮದ್ದನ್ನು ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ಅವರು 1948ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಲೆಕ್ಕ ಇದೆ. ಅವರಲ್ಲಿ 10 ಮಕ್ಕಳ ಕಾಯಿಲೆ ಇಳಿಯಿತು. ಕೆಲವು ತಿಂಗಳ ಮಟ್ಟಿಗೆ ಮಾತ್ರ ಇಳಿಯಿತು, ನಿಜ. ಆದರೆ ಮದ್ದಿನಿಂದ ಈ ಕಾಯಿಲೆಯನ್ನು ಹಿಂದೆ ಸರಿಸಲು ಆಗುತ್ತದೆ ಎಂದು ಜಗತ್ತಿಗೆ ತಿಳಿಯಿತು. ಆ ಮದ್ದನ್ನು ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ದೇಶದವರು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಸುರಿಯರಿಗೆ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರಲ್ಲ, ಆ ಫೋಲಿಕ್ ಆಸಿಡನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೂ ಅವರ ತಂಡವೇ. ಅದನ್ನೇ ಸ್ವಲ್ಪ ಬದಲಾಯಿಸಿದಾಗ ಕ್ಯಾನ್ಸರ್ ಕೋಶ ಬೆಳೆಯದಂತೆ ತಡೆಯುವ ಮದ್ದು ಸಿಕ್ಕಿತು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇವತ್ತಿಗೂ ಲ್ಯುಕೇಮಿಯಾ ಇರುವ ಮಕ್ಕಳ ಚಿಕಿತ್ಸೆಯಲ್ಲಿದೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು. ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಶಾಲೆ ಮಕ್ಕಳಿಗೆ ಗೊತ್ತಿರಬೇಕು ಎಂದು ನನಗೆ ತುಂಬಾ ಅನಿಸುತ್ತದೆ.

ಫಾರ್ಬರ್ ಅವರ ಮುಂದಿನ ಕೆಲಸಕ್ಕೆ ಹಣ ಹೇಗೆ ಬಂತು ಗೊತ್ತಾ? 1948ರ ಮೇ ತಿಂಗಳಲ್ಲಿ, ಕರುಳಿನ ಕ್ಯಾನ್ಸರ್ ಇದ್ದ 12 ವರ್ಷದ ಒಬ್ಬ ಹುಡುಗನ ಆಸ್ಪತ್ರೆ ಕೋಣೆಯಿಂದ ರೇಡಿಯೋ ಕಾರ್ಯಕ್ರಮ ಪ್ರಸಾರವಾಯಿತು. ಅವನಿಗೆ ಬೇಸ್‌ಬಾಲ್ ಆಟ ನೋಡಲು ಒಂದು ಟಿವಿ ಬೇಕು, ಉಳಿದ ಹಣ ಸಂಶೋಧನೆಗೆ ಎಂದು ಕೇಳಿದರು. ನಿಜವಾದ ಹೆಸರು ಹೇಳದೆ ಅವನನ್ನು ಜಿಮ್ಮಿ ಎಂದು ಕರೆದರು. ಒಟ್ಟು 2,31,000 ಡಾಲರಿಗಿಂತ ಜಾಸ್ತಿ ಬಂತು. ಕೊಟ್ಟವರಲ್ಲಿ ಹೆಚ್ಚಿನವರು ಸಾಮಾನ್ಯ ಜನ. ಆ ಹುಡುಗ ಬದುಕಿ, ದೊಡ್ಡವನಾಗಿ, ಸಂಸಾರ ಮಾಡಿದ. ಅವನ ಹೆಸರಿನ ನಿಧಿ ಈಗಲೂ ನಡೆಯುತ್ತಿದೆ.

ಸಣ್ಣ ದುಡ್ಡಿಗೆ ಎಷ್ಟು ಬಲ ಇದೆ ಎಂದು ಉಡುಪಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1928ರಲ್ಲಿ ಇಲ್ಲಿಯ ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುವ ಪಿಗ್ಮಿ ಠೇವಣಿ ಶುರು ಮಾಡಿದ ಊರು ಇದು.

ಅಮೆರಿಕದ್ದೇ ಇನ್ನೊಂದು ವಿಷಯ. ಮೆಂಫಿಸ್ ನಗರದಲ್ಲಿ 1962ರಲ್ಲಿ ಸೇಂಟ್ ಜೂಡ್ ಆಸ್ಪತ್ರೆ ಶುರುವಾಯಿತು, ಅದೂ ಜನರ ದೇಣಿಗೆಯಿಂದ. ಅಲ್ಲಿ ಡೊನಾಲ್ಡ್ ಪಿಂಕೆಲ್ ಎಂಬ ವೈದ್ಯರು ಲ್ಯುಕೇಮಿಯಾ ಇದ್ದ ಮಕ್ಕಳಿಗೆ ಒಂದೊಂದೇ ಮದ್ದು ಕೊಡುವ ಬದಲು ಹಲವು ಮದ್ದುಗಳನ್ನು ಒಟ್ಟಿಗೆ, ವರ್ಷಗಟ್ಟಲೆ ಕೊಡುವ ಕ್ರಮ ರೂಪಿಸಿದರು. ಅವುಗಳಲ್ಲಿ ಒಂದು ವಿನ್‌ಕ್ರಿಸ್ಟೀನ್. ಅದು ನಮ್ಮ ಅಂಗಳದಲ್ಲಿ ಸುಮ್ನೆ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬರುವ ಮದ್ದು. 1970ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಈಗ ಶ್ರೀಮಂತ ದೇಶಗಳಲ್ಲಿ ಮಕ್ಕಳಲ್ಲಿ ಹೆಚ್ಚು ಕಾಣುವ ಲ್ಯುಕೇಮಿಯಾ ಬಂದ 10 ಮಕ್ಕಳಲ್ಲಿ ಸುಮಾರು 9 ಮಂದಿ ಬದುಕುತ್ತಾರೆ. ನೀವು ಒಂದು ಮಗುವಿನ ಮದ್ದಿಗೆ ಕೊಡುವ ಸಾವಿರ ರೂಪಾಯಿಗೆ ಇವತ್ತು ಬೆಲೆ ಇದೆ ಅಂದರೆ, ಹಿಂದೆ ಯಾರೋ ಸಂಶೋಧನೆಗೆ ಕೊಟ್ಟಿದ್ದರು ಎಂದೇ ಅರ್ಥ.

ಇಷ್ಟು ಹೇಳಿದರೆ ಮುಂದಿನ ಮಾತು ಬರುತ್ತದೆ. ಮದ್ದು ಸಿಕ್ಕಿ ಆಯ್ತಲ್ಲ, ಇನ್ನೂ ಎಂತ ಹುಡುಕುವುದು?

ತುಂಬಾ ಇದೆ. ಅದೂ ನಮ್ಮ ದೇಶದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶೇಕಡಾ 30ಕ್ಕಿಂತ ಕಡಿಮೆ. ಮದ್ದುಗಳ ಹೆಸರು ಎರಡೂ ಕಡೆ ಒಂದೇ. ಹಾಗಾದರೆ ಇಷ್ಟು ವ್ಯತ್ಯಾಸ ಯಾಕೆ? ನಮ್ಮಲ್ಲಿ ಎಷ್ಟೋ ಮಕ್ಕಳು ಆಸ್ಪತ್ರೆಗೆ ಬರುವಾಗಲೇ ಸೊರಗಿರುತ್ತಾರೆ. ಬೇರೆ ದೇಶದಲ್ಲಿ ಚೆನ್ನಾಗಿ ತಿಂದುಂಡು ಬೆಳೆದ ಮಗುವಿಗೆ ಹೊಂದಿಸಿದ ಪ್ರಮಾಣವನ್ನು ಈ ಮಗು ತಡೆದುಕೊಳ್ಳುತ್ತದಾ? ಮದ್ದಿನಿಂದ ರಕ್ತದ ಬಿಳಿ ಕಣ ಇಳಿದಾಗ ಇಲ್ಲಿಯ ಸೋಂಕುಗಳಿಂದ ಕಾಪಾಡುವುದು ಹೇಗೆ? ಎರಡು ಮೂರು ವರ್ಷ ನಡೆಯುವ ಚಿಕಿತ್ಸೆಯನ್ನು ಕುಟುಂಬಗಳು ಯಾವ ಹಂತದಲ್ಲಿ, ಯಾಕೆ ಬಿಟ್ಟುಬಿಡುತ್ತವೆ? ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗೆ ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ಮಕ್ಕಳು ಬರುತ್ತಾರೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮತ್ತೆ ಮತ್ತೆ ಬರುವುದು, ಪ್ರತಿ ಸಲ ಅಪ್ಪನ ಕೂಲಿ ಹೋಗುವುದು, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು. ಆಯುಷ್ಮಾನ್ ಕಾರ್ಡಿನಲ್ಲಿ ಇದಕ್ಕೆಲ್ಲ ಪರಿಹಾರ ಇಲ್ಲ. ಯಾವ ಸಹಾಯ ಕೊಟ್ಟರೆ ಕುಟುಂಬ ಕೊನೆಯವರೆಗೂ ಬರುತ್ತದೆ ಎಂದು ಲೆಕ್ಕ ಇಟ್ಟು ತಿಳಿಯುವುದೂ ಸಂಶೋಧನೆಯೇ. ಇದಕ್ಕೆ ಉತ್ತರ ಬಾಸ್ಟನ್‌ನಲ್ಲಿ ಸಿಗುವುದಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಆಸ್ಪರಾಜಿನೇಸ್ ವಿಷಯ. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಇದು ಬಹಳ ಮುಖ್ಯ ಇಂಜೆಕ್ಷನ್. ಭಾರತದ ವೈದ್ಯರೇ ಇಲ್ಲಿ ಸಿಗುವ ಬೇರೆ ಬೇರೆ ಬ್ರಾಂಡುಗಳನ್ನು ಪರೀಕ್ಷಿಸಿದರು. ಇಂಜೆಕ್ಷನ್ ತೆಗೆದುಕೊಂಡ ಮಕ್ಕಳ ರಕ್ತದಲ್ಲಿ ಮದ್ದಿನ ಬಲ ಎಷ್ಟಿದೆ ಎಂದೂ ಅಳೆದರು. ಕೆಲವು ಬ್ರಾಂಡುಗಳಲ್ಲಿ ಇರಬೇಕಾದಷ್ಟು ಬಲ ಇರಲಿಲ್ಲ. ಯೋಚನೆ ಮಾಡಿ. ಸಾಲ ಮಾಡಿ ತಂದ ಇಂಜೆಕ್ಷನ್, ಚುಚ್ಚಿಸಿಕೊಂಡು ಅತ್ತ ಮಗು, ಆದರೆ ಮದ್ದು ಪೂರ್ತಿ ಕೆಲಸ ಮಾಡುತ್ತಿಲ್ಲ. ಚಿಕಿತ್ಸೆಗೆ ಎಷ್ಟು ಹಣ ಕೊಟ್ಟರೂ ಇದು ಹೊರಗೆ ಬರುತ್ತಿರಲಿಲ್ಲ. ಯಾರೋ ಕೂತು ಅಳೆದದ್ದರಿಂದ ಬಂತು.

"ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡ್ತಾರಾ?" ಎಂದು ಅಜ್ಜಿಯಂದಿರು ಹೆದರಿಕೊಂಡು ಕೇಳುತ್ತಾರೆ. ಆ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಅಧ್ಯಯನಕ್ಕೆ ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಬೇಕು. ತಂದೆ ತಾಯಿ ಬರೆದು ಒಪ್ಪಿಗೆ ಕೊಡಬೇಕು. 7 ವರ್ಷ ದಾಟಿದ ಮಗುವಿಗೂ ಅರ್ಥವಾಗುವಂತೆ ಹೇಳಿ ಅದರ ಒಪ್ಪಿಗೆ ಕೇಳಬೇಕು. ಚಿಕಿತ್ಸೆಯ ಪ್ರಯೋಗವಾದರೆ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಮೊದಲೇ ದಾಖಲಾಗಬೇಕು, 2009ರಿಂದ ಅದು ಕಡ್ಡಾಯ. ಮಗುವಿಗೆ ಚಿಕಿತ್ಸೆ ಹೇಗೂ ನಡೆಯುತ್ತಿರುತ್ತದೆ. ಕೋಲ್ಕತ್ತಾ, ಮುಂಬೈ, ದೆಹಲಿ, ಚಂಡೀಗಢ, ಚೆನ್ನೈನ ದೊಡ್ಡ ಆಸ್ಪತ್ರೆಗಳು ಸೇರಿ ಐಸಿಕಲ್ ಎಂಬ ಹೆಸರಿನಲ್ಲಿ ಲ್ಯುಕೇಮಿಯಾ ಮಕ್ಕಳ ಅಧ್ಯಯನ ಮಾಡಿವೆ. ಮದ್ದಿನ ಕೆಟ್ಟ ಪರಿಣಾಮ ಕಡಿಮೆ ಮಾಡಿಯೂ ಅಷ್ಟೇ ಗುಣ ಸಿಗುತ್ತದಾ ಎಂದು ನೋಡುವುದು ಅದರ ಒಂದು ಉದ್ದೇಶ. ಮಗುವಿನ ಕಷ್ಟ ಇಳಿಸುವ ಹುಡುಕಾಟ ಅದು.

ಇನ್ನು ನಮ್ಮ ಕಾರ್ಯಕ್ರಮ. ಸೆಪ್ಟೆಂಬರನ್ನು ಜಗತ್ತಿನಾದ್ಯಂತ ಮಕ್ಕಳ ಕ್ಯಾನ್ಸರ್ ಜಾಗೃತಿ ತಿಂಗಳು ಅನ್ನುತ್ತಾರೆ. ಆದರೆ ಇಲ್ಲಿ ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಅಷ್ಟಮಿ ಚೌತಿಯ ಗಡಿಬಿಡಿ ಬೇರೆ. ಅದಕ್ಕೇ ನಾವು ಫೆಬ್ರವರಿ 15, ಅಂತಾರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನದ ಹತ್ತಿರದ ಭಾನುವಾರ ಇಟ್ಟುಕೊಳ್ಳುತ್ತೇವೆ. ಗದ್ದೆ ಕೊಯ್ಲು ಮುಗಿದಿರುತ್ತದೆ, ಮಟ್ಟು ಗುಳ್ಳ ಬದನೆ ಮಾರುಕಟ್ಟೆಗೆ ಬರುತ್ತಿರುತ್ತದೆ, ರಾತ್ರಿ ಜನ ಹೊರಗೆ ಕೂರುತ್ತಾರೆ.

ಹಣ ಕೇಳುವುದಕ್ಕಿಂತ ಹೊರೆಕಾಣಿಕೆ ಕೇಳುವುದು ನಮಗೆ ಸುಲಭ. ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಟ್ಟು ರೂಢಿ ಇರುವ ಜನ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಬೆಲ್ಲ ಎಲ್ಲ ಬರುತ್ತದೆ. ನಗದು ಕೊಡಲು ಆಗದ ಮನೆಯಿಂದಲೂ ಎರಡು ಕಾಯಿ ಬಂದೇ ಬರುತ್ತದೆ. ಮಹಿಳಾ ಮಂಡಲದವರು ಅದರಿಂದಲೇ ನೀರ್ ದೋಸೆ, ಮೂಡೆ, ಗೋಳಿಬಜೆ, ಸಜ್ಜಿಗೆ ಬಜಿಲ್ ಮಾಡುತ್ತಾರೆ. ಸಾಮಾನು ಕೊಂಡುಕೊಳ್ಳುವ ಖರ್ಚೇ ಇಲ್ಲದ ಕಾರಣ ಮಾರಿದ್ದೆಲ್ಲ ನಿಧಿಗೆ ಸೇರುತ್ತದೆ. ಚರ್ಚಿನ ಹಬ್ಬದಲ್ಲಿ ಏಲಂ ಕೂಗಿ ಪಳಗಿದ ಒಬ್ಬರು ನಮ್ಮಲ್ಲೂ ಬಂದು ಕೂಗುತ್ತಾರೆ. ಒಂದು ಬುಟ್ಟಿ ಗುಳ್ಳ, ಒಂದು ಅಟ್ಟೆ ಶಂಕರಪುರ ಮಲ್ಲಿಗೆ, ಒಂದು ಹಲಸಿನ ಎಳೆ ಗುಜ್ಜೆ. ಅಂಗಡಿ ಬೆಲೆಯ ಎಷ್ಟೋ ಪಟ್ಟಿಗೆ ಹೋಗುತ್ತವೆ. ಕೊಂಡವರು ಕೆಲವೊಮ್ಮೆ ಅದನ್ನೇ ವಾಪಸ್ ಕೊಟ್ಟು ಮತ್ತೆ ಕೂಗಿಸುತ್ತಾರೆ. ಶಾಮಿಯಾನದವರಿಂದ, ಮೈಕ್‌ಸೆಟ್‌ನವರಿಂದ ಅರ್ಧ ಬಾಡಿಗೆಗೆ ಒಪ್ಪಿಸಿಕೊಳ್ಳುತ್ತೇವೆ. ತಾಳಮದ್ದಳೆಗೆ ವೇಷ, ರಂಗಸ್ಥಳ ಬೇಡ. ಭಾಗವತರು, ಚೆಂಡೆ ಮದ್ದಳೆ, ನಾಲ್ಕು ಜನ ಒಳ್ಳೆಯ ಅರ್ಥಧಾರಿಗಳು ಇದ್ದರೆ ಸಾಕು, ಜನ ಕೊನೆಯವರೆಗೂ ಕೂರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾವು ಗಟ್ಟಿ. ಫ್ಲೆಕ್ಸಿನಲ್ಲಿ ಯಾವ ಮಗುವಿನ ಫೋಟೋವನ್ನೂ ಹಾಕುವುದಿಲ್ಲ. ಕೂದಲು ಉದುರಿದ ಪುಟ್ಟ ಮುಖ ಹಾಕಿದರೆ ಕಲೆಕ್ಷನ್ ಜಾಸ್ತಿ ಆಗುತ್ತದೆ ಎಂದು ಹಲವರು ಹೇಳುತ್ತಾರೆ. ಆಗಬಹುದು. ಆದರೆ ಆ ಮಗು ಗುಣವಾಗಿ ಶಾಲೆಗೆ ಹೋಗಬೇಕು, ಮುಂದೆ ಕೆಲಸಕ್ಕೆ ಸೇರಬೇಕು, ಮದುವೆ ಆಗಬೇಕು. ಸರ್ಕಲ್ಲಿನಲ್ಲಿ ನೇತುಹಾಕಿದ ಫೋಟೋ ಊರಿನ ನೆನಪಿನಲ್ಲಿ ಉಳಿದುಬಿಡುತ್ತದೆ. ಜಿಮ್ಮಿಯ ಹೆಸರನ್ನು 1948ರಲ್ಲೇ ಮುಚ್ಚಿಟ್ಟರಲ್ಲ, ನಮಗೆ ಅಷ್ಟಾದರೂ ಆಗಬೇಡವೇ?

ಕೂಡಿದ ಹಣವನ್ನು ಜಿಲ್ಲೆಯ ಒಂದು ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ, ಒಂದು ನಿರ್ದಿಷ್ಟ ಅಧ್ಯಯನದ ಹೆಸರಿಗೇ ಚೆಕ್ ಬರೆದು ಕೊಡುತ್ತೇವೆ. ದೊಡ್ಡ ಯಂತ್ರ ಕೊಳ್ಳುವಷ್ಟು ನಮ್ಮ ಹಣ ಅಲ್ಲ. ಮಾಹಿತಿ ದಾಖಲಿಸುವವರ ಸಂಬಳ, ರಕ್ತದ ಮಾದರಿ ಪರೀಕ್ಷೆಯ ಕಿಟ್, ಚಿಕಿತ್ಸೆ ಮುಗಿಸಿ ಹೋದ ಮಕ್ಕಳಿಗೆ ಫೋನ್ ಮಾಡಿ ಹೇಗಿದ್ದಾರೆ ಎಂದು ಕೇಳಿ ಬರೆದಿಡುವ ಕೆಲಸ, ಇಂಥದ್ದಕ್ಕೆ ಹೋಗುತ್ತದೆ. ಯಾರೂ ಫೋಟೋ ತೆಗೆಸಿಕೊಳ್ಳಲು ಬಯಸದ ಖರ್ಚುಗಳು ಇವು. ಇವಿಲ್ಲದೆ ಯಾವ ಅಧ್ಯಯನವೂ ನಡೆಯುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ "ನನಗೆ ಮಗುವಿನ ಮದ್ದಿಗೇ ಕೊಡಬೇಕು" ಅನ್ನುವವರಿಗೆ ಬೇರೆ ರಶೀದಿ ಪುಸ್ತಕ ಇದೆ. ಆ ಹಣ ಅದೇ ಆಸ್ಪತ್ರೆಯ ಬಡ ರೋಗಿಗಳ ನಿಧಿಗೆ ಹೋಗುತ್ತದೆ, ಒಂದು ರೂಪಾಯಿಯೂ ಈಚೆಗೆ ಬರುವುದಿಲ್ಲ. ನಮಗೆ ಕೊಡಿ, ಬೇರೆಯವರಿಗೆ ಕೊಡಿ, ಸಂಶೋಧನೆಗೆ ಎಂದು ಯಾರು ಕೇಳಿದರೂ ಯಾವ ಆಸ್ಪತ್ರೆ, ಯಾವ ಅಧ್ಯಯನ, ಹಿಂದಿನ ವರ್ಷದ ಹಣ ಏನಾಯಿತು ಎಂದು ಕೇಳಿ. ಹೇಳಲು ಹಿಂಜರಿದರೆ ಕೊಡಬೇಡಿ. ತೆರಿಗೆ ವಿನಾಯಿತಿ ಬೇಕಿದ್ದವರು 2,000 ರೂಪಾಯಿಗಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಡಬೇಡಿ. ಯುಪಿಐ ಅಥವಾ ಚೆಕ್ ಮೂಲಕವೇ ಕೊಡಿ.

ಈ ಸಲ ಹೊರೆಕಾಣಿಕೆ ಕೊಡುವವರು ಶನಿವಾರ ಸಂಜೆಯೊಳಗೆ ತಲುಪಿಸಿದರೆ ಅಡುಗೆಯವರಿಗೆ ಅನುಕೂಲ. ಹರಿವೆ, ಬಸಳೆ ತರುವವರು ಮಾತ್ರ ಭಾನುವಾರ ಬೆಳಿಗ್ಗೆಯೇ ತನ್ನಿ, ಆ ಸೆಕೆಗೆ ಬಾಡಿಹೋಗುತ್ತದೆ.